ಬೀರುವಿನಲ್ಲಿರುವ ಬಾಂಡ್ ಓದಿದ್ದೀರಾ?

ಇವತ್ತು ಒಂದು ಪ್ರಶ್ನೆಯಿಂದಲೇ ಶುರು ಮಾಡ್ತೀನಿ. ನಿಮ್ಮ ಮನೆ ಬೀರುವಿನಲ್ಲಿ ಸೈಟಿನ ಪತ್ರ, ರೇಷನ್ ಕಾರ್ಡು, ಮಕ್ಕಳ ಮಾರ್ಕ್ಸ್ ಕಾರ್ಡುಗಳ ಜೊತೆ, ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿ ಇಟ್ಟಿರುವ ಒಂದು ಇನ್ಶೂರೆನ್ಸ್ ಬಾಂಡ್ ಇದೆಯಲ್ಲ, ಅದನ್ನ ನೀವು ಓದಿದ್ದೀರಾ? ಪೂರ್ತಿ ಬೇಡ. ಎರಡನೇ ಪುಟ?

ನಾನೂ ಓದಿರಲಿಲ್ಲ. 2011ರಲ್ಲಿ ಇಂಜಿನಿಯರಿಂಗ್ ಮುಗಿಸಿ ಮೊದಲ ಕೆಲಸಕ್ಕೆ ಸೇರಿದ್ದೆ. ಮಾರ್ಚ್ ತಿಂಗಳು ಬಂತು. ಟ್ಯಾಕ್ಸ್ ಉಳಿಸಲು ಏನು ಮಾಡಿದ್ದೀರಿ, ದಾಖಲೆ ಕೊಡಿ ಅಂತ ಆಫೀಸಿನಿಂದ ಮೇಲ್ ಬಂತು. ಅದೇ ವಾರ ದೂರದ ಸಂಬಂಧಿಯೊಬ್ಬರು ಮನೆಗೆ ಬಂದರು. ಅಮ್ಮ ಕಾಫಿ ಕೊಟ್ಟರು. ವರ್ಷಕ್ಕೆ ಮೂವತ್ತು ಸಾವಿರ, ಇಪ್ಪತ್ತು ವರ್ಷ, ಕಣ್ಣು ಮುಚ್ಚಿಕೊಂಡು ಕಟ್ಟಪ್ಪ ಅಂದರು. ನಾನು ನಿಜವಾಗಿಯೂ ಕಣ್ಣು ಮುಚ್ಚಿಕೊಂಡೇ ಸಹಿ ಹಾಕಿದೆ. ಎರಡು ಕಂತು ಕಟ್ಟಿದೆ. ಮೂರನೇ ವರ್ಷ ಆ ಕೆಲಸ ಬಿಟ್ಟು ಚಾನೆಲ್ ಸೇರಿದೆ. ಸಂಬಳ ಅರ್ಧಕ್ಕೆ ಇಳಿಯಿತು, ಕಂತು ನಿಂತಿತು. ಕೌಂಟರಿನಲ್ಲಿ ವಿಚಾರಿಸಿದಾಗ ಗೊತ್ತಾಯಿತು, ಮೂರು ವರ್ಷ ಕಟ್ಟದೆ ಬಿಟ್ಟರೆ ವಾಪಸ್ ಬರೋದು ಸೊನ್ನೆ. ಅರವತ್ತು ಸಾವಿರ ಹೋಯಿತು. ಅದರಲ್ಲಿ ಕಾನೂನು ಮೀರಿದ್ದೇನೂ ಇರಲಿಲ್ಲ. ಬಾಂಡಿನಲ್ಲಿ ಅದು ಅಚ್ಚಾಗಿತ್ತು. ಅವರು ಹೇಳಿರಲಿಲ್ಲ, ನಾನು ಓದಿರಲಿಲ್ಲ.

ಆ ಸಿಟ್ಟಿಗೆ ಓದಲು ಕೂತೆ. ಬಾಂಡ್ ಓದಿದೆ, ಕಾಯ್ದೆ ಓದಿದೆ, ಆ ಕಾಯ್ದೆ ಯಾಕೆ ಬಂತು ಅಂತ ಹುಡುಕಿದೆ. ಆಗ ಒಂದು ಸತ್ಯ ಕಣ್ಣಿಗೆ ಬಿತ್ತು. ಬಾಂಡಿನಲ್ಲಿ ನಿಮ್ಮ ಪರವಾಗಿ ಇರುವ ಒಂದೊಂದು ಸಾಲೂ ಯಾರೋ, ಎಲ್ಲೋ ಕಳೆದುಕೊಂಡ ಮೇಲೆ ಬರೆದದ್ದು. ಆ ಕಥೆಗಳು ಗೊತ್ತಿದ್ದರೆ, ನಾಳೆ ಏಜೆಂಟ್ ಎದುರಿಗೆ ಕೂತಾಗ ಏನು ಕೇಳಬೇಕು ಅನ್ನೋದು ತಾನಾಗಿ ಗೊತ್ತಾಗುತ್ತೆ.

ಹರಾಜಿಗೆ ಬಂದ ಮುದುಕರು

ನಾನು ಕಳೆದುಕೊಂಡ ಅರವತ್ತು ಸಾವಿರದ ಕಥೆ ಶುರುವಾಗೋದು ಲಂಡನ್ನಿನಲ್ಲಿ. 1844ನೇ ಇಸವಿ. ಎಲಿಜರ್ ರೈಟ್ ಅನ್ನುವ ಅಮೆರಿಕದ ಗಣಿತಜ್ಞ ಅಲ್ಲಿನ ರಾಯಲ್ ಎಕ್ಸ್‌ಚೇಂಜ್‌ಗೆ ಹೋಗಿದ್ದ. ಅಲ್ಲೊಂದು ಹರಾಜು ನಡೀತಾ ಇತ್ತು. ಹರಾಜಿಗೆ ಇಟ್ಟಿದ್ದು ಕುದುರೆಯಲ್ಲ, ಬೆಳ್ಳಿ ಪಾತ್ರೆಯಲ್ಲ, ವಯಸ್ಸಾದವರ ವಿಮಾ ಪಾಲಿಸಿಗಳು. ಹತ್ತಾರು ವರ್ಷ ಕಂತು ಕಟ್ಟಿದ್ದ ಮುದುಕರು ಈಗ ಕಟ್ಟಲಾಗದ ಸ್ಥಿತಿಗೆ ಬಂದಿದ್ದರು. ಕಂಪನಿ ಬಿಡಿಗಾಸು ಕೊಡಲ್ಲ. ಹಾಗಾಗಿ ಪಾಲಿಸಿಯನ್ನ ಬೇರೆಯವರಿಗೆ ಮಾರುತ್ತಿದ್ದರು. ಕೊಂಡವನ ಲೆಕ್ಕ ಸರಳ. ಉಳಿದ ಕಂತು ಅವನು ಕಟ್ಟುತ್ತಾನೆ, ಮುದುಕ ಎಷ್ಟು ಬೇಗ ಸತ್ತರೆ ಅವನಿಗೆ ಅಷ್ಟು ಲಾಭ.

ರೈಟ್ ತನ್ನ ದೇಶದಲ್ಲಿ ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದವನು. ಮನುಷ್ಯರನ್ನ ಹರಾಜು ಹಾಕೋದು ಅಂದ್ರೆ ಏನು ಅಂತ ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಊರಿಗೆ ಹಿಂತಿರುಗಿ ವರ್ಷಗಟ್ಟಲೆ ಲೆಕ್ಕ ಹಾಕಿದ, ಶಾಸಕರ ಬೆನ್ನು ಬಿದ್ದ. 1858ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ವಿಮಾ ಕಮಿಷನರ್ ಆದ. 1861ರಲ್ಲಿ ಅಲ್ಲಿ ಕಾಯ್ದೆ ಬಂತು. ಕಂತು ನಿಲ್ಲಿಸಿದ ಮಾತ್ರಕ್ಕೆ ಅಲ್ಲಿಯವರೆಗೆ ಕಟ್ಟಿದ್ದೆಲ್ಲ ಕಂಪನಿಯ ಪಾಲಾಗಬಾರದು ಅನ್ನುವ ತತ್ವ ಕಾನೂನಾಯಿತು.

ನಿಮ್ಮ ಬಾಂಡಿನಲ್ಲಿ 'ಸರೆಂಡರ್ ವ್ಯಾಲ್ಯೂ' ಅಂತ ಒಂದು ಕೋಷ್ಟಕ ಇರುತ್ತಲ್ಲ, ಅದರ ಹಿಂದೆ ನಿಂತಿರೋದು ಆ ಮುದುಕರು. ನಮ್ಮ ದೇಶದಲ್ಲಿ ಬಹಳ ಕಾಲ ಮೂರು ವರ್ಷ ಕಟ್ಟಿದವರಿಗಷ್ಟೇ ಇದು ಸಿಗುತ್ತಿತ್ತು. ಆಮೇಲೆ ಎರಡು ವರ್ಷವಾಯಿತು. 2024ರ ಅಕ್ಟೋಬರ್‌ನಿಂದ ಹೊಸ ನಿಯಮದಡಿ ಮಾರಾಟವಾಗುವ ಪಾಲಿಸಿಗಳಲ್ಲಿ ಒಂದು ವರ್ಷದ ಪೂರ್ತಿ ಪ್ರೀಮಿಯಂ ಕಟ್ಟಿ, ಆ ವರ್ಷ ಮುಗಿದಿದ್ದರೆ ಏನಾದರೂ ವಾಪಸ್ ಬರುತ್ತೆ. ಕಟ್ಟಿದ್ದಷ್ಟೂ ಬರಲ್ಲ, ಗಮನಿಸಿ. ಅದಕ್ಕೇ ಮೊದಲ ಪ್ರಶ್ನೆ ಇದು: "ನಾನು ಎರಡನೇ ವರ್ಷ, ಐದನೇ ವರ್ಷ ನಿಲ್ಲಿಸಿದರೆ ಕೈಗೆ ಎಷ್ಟು ಬರುತ್ತೆ? ಬರೆದು ಕೊಡಿ."

ಕಪ್ಪು ಜೀವಕ್ಕೆ ಹೆಚ್ಚು ಕಂತು

ಈಗ ನಮ್ಮ ದೇಶಕ್ಕೆ ಬನ್ನಿ. 1818ರಲ್ಲಿ ಕಲ್ಕತ್ತದಲ್ಲಿ ಓರಿಯೆಂಟಲ್ ಲೈಫ್ ಇನ್ಶೂರೆನ್ಸ್ ಕಂಪನಿ ಶುರುವಾಯಿತು. ಭಾರತದ ನೆಲದಲ್ಲಿ ಮೊದಲ ಜೀವ ವಿಮಾ ಕಂಪನಿ. ಆದರೆ ಅದು ಇದ್ದದ್ದು ಇಲ್ಲಿನ ಯುರೋಪಿಯನ್ನರಿಗಾಗಿ. ಮುಂದೆ ವಿದೇಶಿ ಕಂಪನಿಗಳು ಭಾರತೀಯರಿಗೂ ಪಾಲಿಸಿ ಕೊಡಲು ಒಪ್ಪಿದಾಗ ಒಂದು ಷರತ್ತು ಹಾಕಿದವು. ಭಾರತೀಯರ ಜೀವ ಕಳಪೆ ದರ್ಜೆಯದ್ದು, ಹಾಗಾಗಿ ಹೆಚ್ಚುವರಿ ಪ್ರೀಮಿಯಂ ಕಟ್ಟಬೇಕು! 1870ರಲ್ಲಿ ಬಾಂಬೆ ಮ್ಯೂಚುಯಲ್ ಸಂಸ್ಥೆ ಹುಟ್ಟಿ, ಭಾರತೀಯರಿಗೂ ಸಾಮಾನ್ಯ ದರದಲ್ಲೇ ವಿಮೆ ಅಂತ ಸಾರಿದ ಮೇಲೆ ಈ ಅವಮಾನಕ್ಕೆ ಉತ್ತರ ಸಿಕ್ಕಿತು.

ನಮ್ಮ ಮೈಸೂರು ಸಂಸ್ಥಾನ ಇನ್ನೊಂದು ದಾರಿ ಹಿಡಿಯಿತು. 1891ರಲ್ಲಿ, ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ಸರ್ಕಾರಿ ನೌಕರರಿಗಾಗಿ ಸರ್ಕಾರವೇ ವಿಮೆ ಶುರು ಮಾಡಿತು. ಅದೇ ಇವತ್ತಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ, ಎಲ್ಲರ ಬಾಯಲ್ಲಿ ಕೆಜಿಐಡಿ. ನಿಮ್ಮ ಮನೆಯಲ್ಲಿ ಮೇಷ್ಟ್ರೋ, ತಾಲ್ಲೂಕು ಆಫೀಸಿನ ಗುಮಾಸ್ತರೋ ಇದ್ದರೆ ಕೇಳಿ ನೋಡಿ. ಸಂಬಳದಲ್ಲೇ ಕಡಿತ ಆಗುತ್ತೆ. ಮಧ್ಯೆ ಏಜೆಂಟ್ ಇಲ್ಲ, ಕಾಫಿ ಇಲ್ಲ, ಸಂಬಂಧದ ಮುಲಾಜಿಲ್ಲ. ವಿಮೆಯನ್ನ ಹೀಗೂ ಕೊಡಬಹುದು ಅಂತ ಮೈಸೂರು ಆಗಲೇ ತೋರಿಸಿತ್ತು.

ಸರ್ಕಾರಿ ನೌಕರಿ ಇಲ್ಲದವರ ಪಾಡು ಬೇರೆ. ಸ್ವದೇಶಿ ಚಳವಳಿಯ ಬಿಸಿಯಲ್ಲಿ ದೇಶದ ತುಂಬ ವಿಮಾ ಕಂಪನಿಗಳು ಎದ್ದವು. ಹಿಂದೂಸ್ತಾನ್ ಕೋ-ಆಪರೇಟಿವ್ ಅನ್ನೋ ಕಂಪನಿ 1907ರಲ್ಲಿ ಶುರುವಾಗಿದ್ದು ಕಲ್ಕತ್ತದ ಜೊರಾಸಾಂಕೋದಲ್ಲಿರುವ ಟ್ಯಾಗೋರ್ ಮನೆಯ ಒಂದು ಕೋಣೆಯಲ್ಲಿ. ಎಲ್ಲ ಕಂಪನಿಗಳ ಉದ್ದೇಶವೂ ಅಷ್ಟು ಪವಿತ್ರವಾಗಿರಲಿಲ್ಲ. ಲೆಕ್ಕವಿಲ್ಲದೆ ಭರವಸೆ ಕೊಟ್ಟವರು ಬಾಗಿಲು ಹಾಕಿಕೊಂಡರು. 1912ರಲ್ಲಿ ಕಾನೂನು ಬಂತು, ಪ್ರೀಮಿಯಂ ದರದ ಪಟ್ಟಿಯನ್ನ ಗಣಿತ ಬಲ್ಲ ಆಕ್ಚುವರಿ ದೃಢೀಕರಿಸಬೇಕು ಅಂತ ಆಯಿತು. ಅದೂ ಸಾಲಲಿಲ್ಲ. ಆಗ ಬಂದದ್ದೇ 1938ರ ವಿಮಾ ಕಾಯ್ದೆ. ತಿದ್ದುಪಡಿಗಳೊಂದಿಗೆ ಇವತ್ತಿಗೂ ಅದೇ ನಮ್ಮ ಮೂಲ ಕಾನೂನು.

"ಮೊದಲ ಕಂತು ನಾನೇ ಕಟ್ತೀನಿ ಸಾರ್"

ಈ ಮಾತು ಕೇಳದವರು ಯಾರಿದ್ದೀರಿ? ಏಜೆಂಟ್ ತನ್ನ ಕಮಿಷನ್ನಿನಲ್ಲಿ ಒಂದು ಭಾಗ ನಿಮಗೆ ಬಿಟ್ಟುಕೊಡ್ತಾನೆ. ನಮಗೂ ಖುಷಿ, ಅವನಿಗೂ ಟಾರ್ಗೆಟ್. 1938ರ ಕಾಯ್ದೆಯ 41ನೇ ಕಲಂ ಇದನ್ನ ನಿಷೇಧಿಸಿದೆ. ಕೊಡೋನಷ್ಟೇ ಅಲ್ಲ, ತಗೊಳ್ಳೋನೂ ತಪ್ಪಿತಸ್ಥ. ದಂಡ ಹತ್ತು ಲಕ್ಷ ರೂಪಾಯಿವರೆಗೂ ಹೋಗಬಹುದು. ನೀವು ಸಹಿ ಹಾಕುವ ಪ್ರಪೋಸಲ್ ಫಾರಂನಲ್ಲೇ ಈ ಕಲಂ ಅಚ್ಚಾಗಿರುತ್ತೆ, ನೋಡಿ.

ಪುಕ್ಕಟೆ ಸಿಗೋ ದುಡ್ಡನ್ನ ಯಾಕೆ ತಡೀಬೇಕು? ಯಾಕಂದ್ರೆ ಅದು ಪುಕ್ಕಟೆ ಅಲ್ಲ. ಮೊದಲ ಕಂತು ಬಿಟ್ಟಿ ಅನ್ನೋ ಕಾರಣಕ್ಕೆ ಪಾಲಿಸಿ ತಗೊಂಡವನು ಎರಡನೇ ಕಂತಿಗೆ ಕೈ ಎತ್ತುತ್ತಾನೆ. ಪಾಲಿಸಿ ಲ್ಯಾಪ್ಸ್ ಆಗುತ್ತೆ. ಏಜೆಂಟನಿಗೆ ಸಂಖ್ಯೆ ಸಿಕ್ಕಿತು, ಕಂಪನಿಗೆ ವ್ಯವಹಾರ ತೋರಿಸೋಕಾಯಿತು, ನಿಮ್ಮ ಮನೆಗೆ ಮಾತ್ರ ರಕ್ಷಣೆ ಇಲ್ಲ. ಅಂಗಡಿಯಲ್ಲಿ ರಿಯಾಯಿತಿ ನೋಡಿ ಸೀರೆ ತಗೊಂಡ ಹಾಗೆ ಪಾಲಿಸಿ ತಗೋಬಾರದು ಅನ್ನೋದು ಆ ಕಲಮಿನ ಪಾಠ.

ಅದೇ ಕಾಯ್ದೆಯ 45ನೇ ಕಲಂ ಇನ್ನೂ ಮುಖ್ಯ. ಜೀವ ವಿಮೆಯಲ್ಲಿ ದೊಡ್ಡ ಜಗಳ ಇದೇ: ಇಷ್ಟು ವರ್ಷ ಕಂತು ತಗೊಂಡ ಕಂಪನಿ, ಮನುಷ್ಯ ಸತ್ತ ಮೇಲೆ "ಅವತ್ತು ಫಾರಂನಲ್ಲಿ ಕಾಯಿಲೆ ಬರೆದಿರಲಿಲ್ಲ" ಅಂತ ಹಣ ನಿರಾಕರಿಸಬಹುದಾ? ಸಾಕ್ಷಿ ಹೇಳಬೇಕಾದವನೇ ಇಲ್ಲ! ಹಾಗಾಗಿ ಕಾನೂನು ಒಂದು ಗಡಿ ಹಾಕಿತು. ಹಿಂದೆ ಅದು ಎರಡು ವರ್ಷ, ಆಮೇಲೂ ವಂಚನೆಯ ಹೆಸರಿನಲ್ಲಿ ತಕರಾರು ತೆಗೆಯಲು ಅವಕಾಶವಿತ್ತು. 2015ರ ತಿದ್ದುಪಡಿಯ ನಂತರ ಮೂರು ವರ್ಷ. ಮೂರು ವರ್ಷ ದಾಟಿದ ಜೀವ ವಿಮಾ ಪಾಲಿಸಿಯನ್ನ ಯಾವ ಕಾರಣಕ್ಕೂ ಪ್ರಶ್ನಿಸುವ ಹಾಗಿಲ್ಲ. ಆದರೆ ಇಲ್ಲೊಂದು ಕೊಕ್ಕೆ ಇದೆ. ಲ್ಯಾಪ್ಸ್ ಆದ ಪಾಲಿಸಿಯನ್ನ ಮತ್ತೆ ಚಾಲೂ ಮಾಡಿಸಿದರೆ ಆ ಮೂರು ವರ್ಷದ ಲೆಕ್ಕ ಅವತ್ತಿಂದ ಹೊಸದಾಗಿ ಶುರು.

ಇದನ್ನ ಕೇಳಿಸಿಕೊಂಡು ಯಾರೂ ಜಾಣತನ ತೋರಿಸಬೇಡಿ. ಮೂರು ವರ್ಷ ತಳ್ಳಿದರೆ ಸಾಕಲ್ಲ, ಶುಗರ್ ಇಲ್ಲ ಅಂತ ಬರೀರಿ ಅನ್ನೋ ಏಜೆಂಟರು ಇದ್ದಾರೆ. ಸಾವು ಕ್ಯಾಲೆಂಡರ್ ನೋಡಿಕೊಂಡು ಬರಲ್ಲ ಸ್ವಾಮಿ. ಫಾರಂ ಯಾರೇ ತುಂಬಲಿ, ಕೆಳಗೆ ಸಹಿ ಇರೋದು ನಿಮ್ಮದು. ಅದು ನಿಮ್ಮದೇ ಹೇಳಿಕೆ. ಕನ್ನಡದಲ್ಲಿ ಸಹಿ ಹಾಕುವವರು ಇನ್ನೊಂದು ಗಮನಿಸಿ: ಫಾರಂ ಇಂಗ್ಲಿಷಿನಲ್ಲಿದ್ದರೆ "ಇದನ್ನ ಇವರ ಭಾಷೆಯಲ್ಲಿ ಓದಿ ವಿವರಿಸಿದ್ದೇನೆ" ಅಂತ ಇನ್ನೊಬ್ಬರು ಸಹಿ ಮಾಡುವ ಜಾಗ ಇರುತ್ತೆ. ವಿವರಿಸದೆ ಆ ಸಹಿ ಬೀಳದ ಹಾಗೆ ನೋಡಿಕೊಳ್ಳಿ. ಖಾಲಿ ಫಾರಂಗೆ ಸಹಿ ಹಾಕೋದೂ ಒಂದೇ, ಖಾಲಿ ಚೆಕ್ಕಿಗೆ ಸಹಿ ಹಾಕೋದೂ ಒಂದೇ.

ಆರೋಗ್ಯ ವಿಮೆಗೆ ನಿಯಮ ಬೇರೆ. ಇರುವ ಕಾಯಿಲೆಯನ್ನ ಹೇಳಿಯೇ ಪಾಲಿಸಿ ತಗೊಂಡರೆ, ಅದಕ್ಕೆ ಕಾಯಿಸುವ ಅವಧಿ ಮೂರು ವರ್ಷ ಮೀರಬಾರದು. ಸತತವಾಗಿ ಐದು ವರ್ಷ ಕಟ್ಟಿದ ಮೇಲೆ, ವಂಚನೆ ಸಾಬೀತಾದರೆ ಹೊರತು, ಹಳೇ ಕಾಯಿಲೆ ಮುಚ್ಚಿಟ್ಟಿದ್ದೀರಿ ಅಂತ ಕ್ಲೇಮ್ ತಳ್ಳಿಹಾಕುವಂತಿಲ್ಲ. ಈ ಎರಡೂ ಮೊದಲು ನಾಲ್ಕು ಮತ್ತು ಎಂಟು ವರ್ಷ ಇದ್ದವು, 2024ರಲ್ಲಿ ಇಳಿದವು. ನಿಜ ಹೇಳಿದವನಿಗೆ ಕಾಯುವಿಕೆ ಮೂರು ವರ್ಷ. ಸುಳ್ಳು ಹೇಳಿದವನಿಗೆ ಅಲ್ಲಿಯವರೆಗೂ ನಿದ್ದೆ ಇಲ್ಲ.

ರೇಡಿಯೋದಲ್ಲಿ ಬಂದ ಸುದ್ದಿ

1955ರ ಡಿಸೆಂಬರ್. ಲೋಕಸಭೆಯಲ್ಲಿ ಫಿರೋಜ್ ಗಾಂಧಿ ಎದ್ದು ನಿಂತರು. ಇಂದಿರಾ ಗಾಂಧಿಯವರ ಪತಿ, ಪ್ರಧಾನಿ ನೆಹರೂ ಅವರ ಅಳಿಯ, ಆಡಳಿತ ಪಕ್ಷದವರೇ. ಉದ್ಯಮಿ ರಾಮಕೃಷ್ಣ ದಾಲ್ಮಿಯಾ ತಮ್ಮ ಹಿಡಿತದಲ್ಲಿದ್ದ ಭಾರತ್ ಇನ್ಶೂರೆನ್ಸ್ ಕಂಪನಿಯ ಹಣವನ್ನ ಹೇಗೆ ಬಳಸಿಕೊಂಡರು ಅಂತ ಎಳೆ ಎಳೆಯಾಗಿ ಬಿಡಿಸಿಟ್ಟರು. ಎರಡು ಕೋಟಿಗೂ ಹೆಚ್ಚು ಹಣ. ಅದು ಜನ ತಮ್ಮ ಹೆಂಡತಿ ಮಕ್ಕಳಿಗಾಗಿ ಕಟ್ಟಿದ್ದ ಪ್ರೀಮಿಯಂ. ದಾಲ್ಮಿಯಾ ಅವರಿಗೆ ಶಿಕ್ಷೆಯಾಯಿತು, 1962ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡಿಯಿತು.

ಆ ಭಾಷಣವಾಗಿ ಎರಡು ತಿಂಗಳೂ ಆಗಿರಲಿಲ್ಲ. 1956ರ ಜನವರಿ 19ರ ರಾತ್ರಿ ಹಣಕಾಸು ಸಚಿವ ಸಿ.ಡಿ. ದೇಶಮುಖ್ ಆಕಾಶವಾಣಿಯಲ್ಲಿ ಮಾತಾಡಿದರು: ಜೀವ ವಿಮೆ ರಾಷ್ಟ್ರೀಕರಣವಾಗಿದೆ. ಕಂಪನಿಗಳು ಹಣ ಸಾಗಿಸಿಬಿಡಬಾರದು ಅಂತ ಅಲ್ಲಿಯವರೆಗೂ ಗುಟ್ಟಾಗಿ ಇಟ್ಟಿದ್ದರು. 245 ಸಂಸ್ಥೆಗಳು ಸರ್ಕಾರದ ವಶಕ್ಕೆ ಬಂದವು. ಸೆಪ್ಟೆಂಬರ್ 1ಕ್ಕೆ ಎಲ್‌ಐಸಿ ಹುಟ್ಟಿತು.

ಸರ್ಕಾರದ ಕೈಗೆ ಬಂತಲ್ಲ, ಇನ್ನು ಪ್ರಶ್ನೆ ಕೇಳೋ ಅಗತ್ಯ ಇಲ್ಲ ಅಂತ ಯಾರಾದರೂ ಅಂದುಕೊಂಡಿದ್ದರೆ, ಮರುವರ್ಷವೇ ಉತ್ತರ ಸಿಕ್ಕಿತು. 1957ರ ಜೂನ್‌ನಲ್ಲಿ ಎಲ್‌ಐಸಿ, ಹರಿದಾಸ್ ಮುಂದ್ರಾ ಎಂಬ ಉದ್ಯಮಿಯ ಆರು ಕಂಪನಿಗಳ ಷೇರನ್ನ ಸುಮಾರು 1 ಕೋಟಿ 24 ಲಕ್ಷಕ್ಕೆ ಕೊಂಡಿತು. ಹೂಡಿಕೆ ಸಮಿತಿಯನ್ನ ಕೇಳಲೇ ಇಲ್ಲ. ಮತ್ತೆ ಎದ್ದು ನಿಂತಿದ್ದು ಅದೇ ಫಿರೋಜ್ ಗಾಂಧಿ. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಬಹಿರಂಗ ವಿಚಾರಣೆ ನಡೆಸಿದರು. ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ 1958ರ ಫೆಬ್ರವರಿಯಲ್ಲಿ ರಾಜೀನಾಮೆ ಕೊಡಬೇಕಾಯಿತು. ಖಾಸಗಿಯಾಗಲಿ ಸರ್ಕಾರಿಯಾಗಲಿ, ಹೆಸರು ನೋಡಿ ಕಣ್ಣು ಮುಚ್ಚುವ ಹಾಗಿಲ್ಲ ಅಂತ ದೇಶಕ್ಕೆ ಎರಡೇ ವರ್ಷದಲ್ಲಿ ಎರಡು ಪಾಠ ಸಿಕ್ಕವು.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಮುಂದಿನ ನಾಲ್ಕು ದಶಕ ಸೈಕಲ್ ತುಳಿದು, ಬಸ್ಸು ಹತ್ತಿ ಹಳ್ಳಿಗಳಿಗೆ ವಿಮೆ ಮುಟ್ಟಿಸಿದವರು ಏಜೆಂಟರೇ. ಸಾವಾದ ಮನೆಗೆ ಬಂದು, ಮರಣ ಪತ್ರ ಮಾಡಿಸಿಕೊಟ್ಟು, ಕ್ಲೇಮ್ ಹಣ ಕೈಗೆ ಬರುವವರೆಗೆ ಓಡಾಡಿದ ಏಜೆಂಟರು ಪ್ರತಿ ಊರಲ್ಲೂ ಇದ್ದಾರೆ. ಅಂಥವರು ಸಿಕ್ಕರೆ ಬಿಡಬೇಡಿ. ಸಮಸ್ಯೆ ಇರೋದು ಬೇರೆ ಕಡೆ.

ಕಮಿಷನ್ ಲೆಕ್ಕ

1994ರಲ್ಲಿ ಮಲ್ಹೋತ್ರಾ ಸಮಿತಿ ಖಾಸಗಿಯವರಿಗೆ ಬಾಗಿಲು ತೆಗೆಯಿರಿ ಅಂತ ಶಿಫಾರಸು ಮಾಡಿತು. 1999ರಲ್ಲಿ ನಿಯಂತ್ರಣ ಪ್ರಾಧಿಕಾರದ ಕಾಯ್ದೆ ಬಂತು, 2000ದಲ್ಲಿ ಬಾಗಿಲು ತೆರೆಯಿತು. ಆಮೇಲೆ ಯುಲಿಪ್‌ಗಳ ಕಾಲ. ಷೇರು ಪೇಟೆ ಏರುತ್ತಿತ್ತು, "ಮೂರೇ ವರ್ಷ ಕಟ್ಟಿ ಸಾಕು" ಅನ್ನೋ ಮಾತು ಮನೆ ಮನೆಗೆ ಬಂತು. ಮೊದಲ ವರ್ಷ ಕಟ್ಟಿದ ಹಣದಲ್ಲಿ ಎಷ್ಟು ಭಾಗ ಶುಲ್ಕಕ್ಕೇ ಹೋಗುತ್ತೆ ಅಂತ ಹೇಳುವವರು ಕಡಿಮೆ. ಪೇಟೆ ಬಿದ್ದಾಗ ಜನಕ್ಕೆ ಅರ್ಥವಾಯಿತು. 2010ರ ಏಪ್ರಿಲ್‌ನಲ್ಲಿ ಸೆಬಿ 14 ಕಂಪನಿಗಳ ಯುಲಿಪ್ ಮೇಲೆ ನಿಷೇಧ ಹಾಕಿತು, ವಿಮಾ ಪ್ರಾಧಿಕಾರ ತಿರುಗಿಬಿತ್ತು, ಕೊನೆಗೆ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದು ಜಗಳ ಬಿಡಿಸಿತು. ಆ ವರ್ಷದ ಸೆಪ್ಟೆಂಬರ್‌ನಿಂದ ಶುಲ್ಕಕ್ಕೆ ಮಿತಿ ಬಂತು, ಹಣ ತೆಗೆಯದೆ ಇರಬೇಕಾದ ಅವಧಿ ಮೂರರಿಂದ ಐದು ವರ್ಷವಾಯಿತು.

ಹೀಗೆ ಯಾಕಾಗುತ್ತೆ? ಬೋರ್ಡಿನ ಮೇಲೆ ಲೆಕ್ಕ ಹಾಕೋಣ. 1938ರ ಕಾಯ್ದೆಯಲ್ಲಿ 2015ರವರೆಗೂ ಇದ್ದ ಮಿತಿ ಪ್ರಕಾರ ಏಜೆಂಟನಿಗೆ ಮೊದಲ ವರ್ಷದ ಪ್ರೀಮಿಯಂನಲ್ಲಿ ಶೇ. 35ರವರೆಗೆ, ಎರಡನೇ ಮತ್ತು ಮೂರನೇ ವರ್ಷ ಶೇ. 7.5, ಆಮೇಲೆ ಶೇ. 5 ಕಮಿಷನ್ ಕೊಡಬಹುದಿತ್ತು. ಹೊಸ ಕಂಪನಿಗಳಿಗೆ ಮೊದಲ ಹತ್ತು ವರ್ಷ ಶೇ. 40ರವರೆಗೂ ಅವಕಾಶ ಇತ್ತು. ಈಗ ಈ ದರಗಳನ್ನ ಪ್ರಾಧಿಕಾರ ಹಾಕಿದ ಒಟ್ಟು ಖರ್ಚಿನ ಮಿತಿಯೊಳಗೆ ಕಂಪನಿಗಳೇ ತೀರ್ಮಾನಿಸುತ್ತವೆ. ಹಳೇ ಮಿತಿಯನ್ನೇ ಉದಾಹರಣೆಗೆ ಇಟ್ಟುಕೊಳ್ಳಿ. ನೀವು ವರ್ಷಕ್ಕೆ 50 ಸಾವಿರದ ಉಳಿತಾಯ ಪಾಲಿಸಿ ಮಾಡಿಸಿದರೆ ಮೊದಲ ವರ್ಷದ ಕಮಿಷನ್ 17,500. ಮನೆ ಯಜಮಾನ ಹೋದರೆ ಮಾತ್ರ ಹಣ ಬರುವ ಟರ್ಮ್ ಪಾಲಿಸಿಗೆ ಕಂತು 12 ಸಾವಿರ ಅಂದುಕೊಂಡರೆ ಕಮಿಷನ್ ಬಹಳ ಅಂದ್ರೆ 4,200. ಈಗ ಹೇಳಿ, ಅವರು ಯಾವುದನ್ನ ಮೊದಲು ತೋರಿಸ್ತಾರೆ? ನೀವೇ ಅವರ ಜಾಗದಲ್ಲಿದ್ದರೆ ಯಾವುದನ್ನ ತೋರಿಸ್ತಿದ್ರಿ?

ಇನ್ನು ನಿಮ್ಮ ಕಡೆಯ ಲೆಕ್ಕ. 50 ಸಾವಿರದಂತೆ 20 ವರ್ಷ, ಒಟ್ಟು 10 ಲಕ್ಷ ಕಟ್ಟಿದಿರಿ. ಕೊನೆಗೆ 18 ಲಕ್ಷ ಬಂತು ಅಂದುಕೊಳ್ಳಿ. ಎಂಟು ಲಕ್ಷ ಲಾಭ! ಕೇಳೋಕೆ ಚೆನ್ನಾಗಿದೆ. ಚಕ್ರಬಡ್ಡಿಯಲ್ಲಿ ಬಿಡಿಸಿದರೆ ವರ್ಷಕ್ಕೆ ಸುಮಾರು ಶೇ. 5.3. ತಪ್ಪೇನಿಲ್ಲ, ಆದರೆ ಅದ್ಭುತವೂ ಅಲ್ಲ. ಅಸಲಿ ಪ್ರಶ್ನೆ ಇದಲ್ಲ. ಆ ಪಾಲಿಸಿಯ ವಿಮಾ ಮೊತ್ತ 10 ಲಕ್ಷ ಇದ್ದು, ಮೂರನೇ ವರ್ಷವೇ ಮನೆಯ ದುಡಿಯುವ ಕೈ ಹೋಯಿತು ಅಂದುಕೊಳ್ಳಿ. ತಿಂಗಳಿಗೆ 30 ಸಾವಿರ ಖರ್ಚಿರುವ ಮನೆ ಆ ಹಣದಲ್ಲಿ ಮೂರು ವರ್ಷವೂ ನಡೆಯಲ್ಲ. ಮಗಳು ಒಂದನೇ ಕ್ಲಾಸಿನಲ್ಲಿದ್ದರೆ ನಾಲ್ಕನೇ ಕ್ಲಾಸಿಗೆ ಬರುವಷ್ಟರಲ್ಲಿ ದುಡ್ಡು ಖಾಲಿ. ವಿಮೆ ಅಂದ್ರೆ ನಾವು ಇಲ್ಲದಾಗಿನ ಸಂಬಳ. ಉಳಿತಾಯಕ್ಕೆ ಬೇರೆ ದಾರಿ ಇವೆ, ಆ ಸಂಬಳಕ್ಕೆ ಬೇರೆ ದಾರಿ ಇಲ್ಲ.

ಇವತ್ತು ರಾತ್ರಿ ಮಾಡಬೇಕಾದ್ದು

ಹೊಸ ಪಾಲಿಸಿ ಬಂದಿದ್ದರೆ, ಬಾಂಡ್ ಕೈಗೆ ಸಿಕ್ಕ ದಿನದಿಂದ 30 ದಿನ ನಿಮ್ಮ ಕೈಯಲ್ಲಿದೆ. ಹಿಂದೆ ಸಾಮಾನ್ಯವಾಗಿ 15 ದಿನ ಇತ್ತು. ಇದಕ್ಕೆ ಫ್ರೀ-ಲುಕ್ ಅವಧಿ ಅಂತಾರೆ. ಓದಿ ನೋಡಿ, ಹೇಳಿದ್ದು ಬೇರೆ ಬರೆದಿರೋದು ಬೇರೆ ಇದ್ದರೆ ವಾಪಸ್ ಮಾಡಿ. ವೈದ್ಯಕೀಯ ಪರೀಕ್ಷೆ, ಸ್ಟಾಂಪ್‌ನಂಥ ಸಣ್ಣ ಖರ್ಚು ಕಳೆದು ಹಣ ಬರುತ್ತೆ. ಬ್ಯಾಂಕಿಗೆ ಎಫ್‌ಡಿ ಮಾಡಿಸೋಕೆ ಹೋಗಿ ಪಾಲಿಸಿ ಹಿಡಿದುಕೊಂಡು ಬಂದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ದಯವಿಟ್ಟು ಅವರ ಕವರ್ ತೆಗೆದು ತಾರೀಖು ನೋಡಿ.

ಹಳೇ ಪಾಲಿಸಿ ಇದ್ದರೆ ನಾಮಿನಿ ಹೆಸರು ನೋಡಿ. ಮದುವೆಗೆ ಮುಂಚೆ ಮಾಡಿಸಿದ ಪಾಲಿಸಿಯಲ್ಲಿ ತೀರಿಕೊಂಡ ಅಪ್ಪನ ಹೆಸರೇ ಇರಬಹುದು. ಆಧಾರ್‌ನಲ್ಲಿ ಒಂದು ಇನಿಷಿಯಲ್, ಬಾಂಡಿನಲ್ಲಿ ಇನ್ನೊಂದು ಇರಬಹುದು. ಅದನ್ನ ಸರಿ ಮಾಡಿಸೋಕೆ ಇವತ್ತು ಒಂದು ಅರ್ಜಿ ಸಾಕು. ನಾಳೆ ನಿಮ್ಮ ಮನೆಯವರು ಅದಕ್ಕಾಗಿ ಕಚೇರಿ ಕಚೇರಿ ಅಲೆಯಬೇಕಾಗುತ್ತೆ.

ಕ್ಲೇಮ್ ತಿರಸ್ಕಾರವಾದರೆ ಹಣೆಬರಹ ಅಂತ ಕೂರಬೇಡಿ. ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿ ಕಾಣದಿದ್ದರೆ ವಿಮಾ ಒಂಬುಡ್ಸ್‌ಮನ್ ಹತ್ತಿರ ಹೋಗಿ. 1998ರಿಂದ ಈ ವ್ಯವಸ್ಥೆ ಇದೆ, ಬೆಂಗಳೂರಿನಲ್ಲೇ ಕಚೇರಿ ಇದೆ. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. 50 ಲಕ್ಷದವರೆಗಿನ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ. ಕಂಪನಿಯ ಉತ್ತರ ಬಂದು ಒಂದು ವರ್ಷ ದಾಟದ ಹಾಗೆ ನೋಡಿಕೊಳ್ಳಿ, ಅಷ್ಟೇ.

ನನಗೆ ಪಾಲಿಸಿ ಮಾಡಿಸಿದ ಆ ಸಂಬಂಧಿ ಈಗಲೂ ಮದುವೆ ಮುಂಜಿಯಲ್ಲಿ ಸಿಗ್ತಾರೆ. ಮಾತಾಡ್ತೀವಿ, ಜೊತೆಗೆ ಊಟ ಮಾಡ್ತೀವಿ. ಅವರ ಮೇಲೆ ನನಗೆ ಈಗ ಸಿಟ್ಟಿಲ್ಲ. ಕಳೆದ ವರ್ಷ ಅವರೇ ಇನ್ನೊಂದು ಪಾಲಿಸಿ ತಂದರು. ಅಮ್ಮ ಕಾಫಿ ಕೊಟ್ಟರು. ನಾನು ಕೇಳಿದೆ: "ಐದನೇ ವರ್ಷ ನಿಲ್ಲಿಸಿದರೆ ಎಷ್ಟು ಬರುತ್ತೆ, ಇದರಲ್ಲಿ ನಿಮಗೆಷ್ಟು, ನಾನು ಹೋದರೆ ಮನೆಗೆಷ್ಟು?" ಅವರು ಸ್ವಲ್ಪ ಹೊತ್ತು ಕಾಗದ ತಿರುವಿದರು. ಆಮೇಲೆ ಅದನ್ನ ಮಡಚಿ ಬ್ಯಾಗಿಗೆ ಹಾಕಿಕೊಂಡು, "ಟರ್ಮ್ ಪಾಲಿಸಿ ಒಂದು ತೋರಿಸ್ಲಾ?" ಅಂದರು.

ತೋರಿಸಿ ಅಂದೆ. ಈ ಸಲ ಎರಡನೇ ಪುಟವನ್ನೂ ಓದಿ ಸಹಿ ಹಾಕಿದೆ.